ನಿಜವಾದ ಗುರುವಾರ

ಹನ್ನೊಂದು ವರ್ಷದ ನೌಕರಿಯಲ್ಲಿ ಚಾರ್ಟಪ್ಪ ಒಂದೇ ಒಂದು ಸಲ ನಿಜವಾದ ತಾರೀಖು ಹೇಳಿದ. ಎಲ್ಲ ಎಡವಟ್ಟಿಗೂ ಅದೇ ಮೂಲವಾಯಿತು.

ಚಾರ್ಟಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರೇನಲ್ಲ. ಆಸ್ಪತ್ರೆ, ಕಾರ್ಖಾನೆ, ಕಚೇರಿಗಳಿಗೆ ಹೋಗಿ ಟೆಲಿಫೋನ್ ಎಕ್ಸ್‌ಚೇಂಜ್ ಕೂರಿಸಿಕೊಡುವ ಕಂಪನಿಯೊಂದರಲ್ಲಿ ಅವನದು ಯೋಜನೆ ಹಾಕುವ ಕೆಲಸ. ಯಾವ ಸೈಟಿಗೆ ಯಾವ ದಿನ, ಯಾವ ತಂಡ, ಎಷ್ಟು ಬ್ಯಾಟರಿ, ಎಷ್ಟು ಸುರುಳಿ ಕೇಬಲ್ಲು, ಎಲ್ಲವನ್ನೂ ಗೋಡೆಯಗಲದ ಚಾರ್ಟಿನ ಮೇಲೆ ಬಣ್ಣದ ಚೀಟಿಗಳಾಗಿ ಅಂಟಿಸುತ್ತಿದ್ದ. ಸ್ವತಃ ಒಂದು ಸ್ಕ್ರೂ ತಿರುಗಿಸಿದವನಲ್ಲ. ಸೈಟುಗಳನ್ನು ಕಣ್ಣಾರೆ ಕಂಡವನೂ ಅಲ್ಲ. ಅವನ ಪಾಲಿಗೆ ಸೈಟು ಎಂದರೆ ಒಂದು ನಂಬರು, ಒಂದು ಚೀಟಿ. ಗೋಡೆಯಿಂದ ಉದುರಿದರೆ ಅಂಟು ಹಚ್ಚಿ ಮತ್ತೆ ಅಂಟಿಸಿದರಾಯಿತು.

ಈ ಕೆಲಸದಲ್ಲಿ ಒಂದು ಪದ್ಧತಿ ಇದೆ. ಗುರುವಾರ ಬೇಕಾದ ಸಾಮಾನನ್ನು ಮಂಗಳವಾರವೇ ಬೇಕು ಎಂದು ಹೇಳುವುದು. ಎರಡು ದಿನ ಕೈಯಲ್ಲಿರಲಿ ಅಂತ. ಮೊದಮೊದಲು ಇದು ಚೆನ್ನಾಗಿಯೇ ನಡೆಯಿತು. ಆಮೇಲೆ ಸ್ಟೋರಿನವರಿಗೆ ಗುಟ್ಟು ತಿಳಿಯಿತು, ಅವರಿಂದ ಫೋರ್‌ಮನ್ನಿಗೆ, ಅವನಿಂದ ಕೇಬಲ್ ಎಳೆಯುವವರಿಗೆ. ಚಾರ್ಟಪ್ಪ ಯಾವ ವಾರ ಹೇಳಿದರೂ ಎಲ್ಲರೂ ಮನಸ್ಸಿನಲ್ಲೇ ಎರಡು ದಿನ ಕೂಡಿಸಿಕೊಳ್ಳುತ್ತಿದ್ದರು. ಅವರು ಕೂಡಿಸಿಕೊಳ್ಳುತ್ತಾರೆಂದು ಅವನಿಗೂ ಗೊತ್ತಿತ್ತು. ಹೀಗೆ ಒಬ್ಬರನ್ನೊಬ್ಬರು ನಂಬದೆ ಹನ್ನೊಂದು ವರ್ಷ ಸುಖವಾಗಿ ಸಂಸಾರ ಮಾಡಿದ್ದರು.

ಆ ಸೋಮವಾರ ಮಾತ್ರ ಅವನು ಸುಳ್ಳು ಸೇರಿಸುವುದನ್ನು ಮರೆತ. "ಆಸ್ಪತ್ರೆ, ಹೊಸ ಎಕ್ಸ್‌ಚೇಂಜ್, ಗುರುವಾರ" ಎಂದು ಬರೆದು ಎಲ್ಲರಿಗೂ ಕಳಿಸಿಬಿಟ್ಟ. ಗುರುವಾರವೇ ಆಗಬೇಕಿತ್ತು. ಏಕೆಂದರೆ ಶುಕ್ರವಾರ ಬೆಳಿಗ್ಗೆ ಅದೇ ಆಸ್ಪತ್ರೆಯಲ್ಲಿ ಅವನ ಅಕ್ಕನ ಹೊಟ್ಟೆ ಕೊಯ್ಯುವವರಿದ್ದರು.

ಅಕ್ಕ ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ಹೋದಮೇಲೆ ಹೊಲಿಗೆ ಯಂತ್ರ ತುಳಿದು ಇವನನ್ನು ಸಾಕಿದವಳು. ಹೇಳಿದ ದಿನಕ್ಕೆ ಬಟ್ಟೆ ಹೊಲಿದುಕೊಟ್ಟು ದರ್ಜಿಗಳ ಕುಲಕ್ಕೇ ಅಪವಾದವಾಗಿದ್ದವಳು. ಈಗ ಅವಳ ಹೊಟ್ಟೆಯಲ್ಲಿ ನಿಂಬೆಹಣ್ಣಿನ ಗಾತ್ರದ ಗಡ್ಡೆ ಇತ್ತು. "ಇದು ಕಾಯೋ ಜಾತಿಯ ಗಡ್ಡೆ ಅಲ್ಲ. ಈ ಶುಕ್ರವಾರ ತೆಗೆದುಬಿಡೋಣ" ಎಂದಿದ್ದರು ಡಾಕ್ಟರು. ಆದರೆ ಆಸ್ಪತ್ರೆಯ ಹಳೆಯ ಎಕ್ಸ್‌ಚೇಂಜ್ ಸಾಯುತ್ತ ಮಲಗಿತ್ತು. ಆಪರೇಷನ್ ಥಿಯೇಟರಿನ ಗೋಡೆಗಳಲ್ಲಿ ಎಕ್ಸ್‌ರೇ ತಡೆಯುವ ಸೀಸದ ತಗಡು ಇರುವುದರಿಂದ ಮೊಬೈಲಿಗೆ ಅಲ್ಲಿ ಸಿಗ್ನಲ್ ಸಿಗದು. ಮೂರು ತಿಂಗಳ ಹಿಂದೆ ಥಿಯೇಟರಿನಿಂದ ಬ್ಲಡ್ ಬ್ಯಾಂಕಿಗೆ ಮಾಡಿದ ಫೋನು ಹೋಗದೆ, ಆಯಾ ಓಡಿಹೋಗಿ ರಕ್ತ ತರುವಷ್ಟರಲ್ಲಿ ಒಬ್ಬರು ಮೇಜಿನ ಮೇಲೆಯೇ ತೀರಿಕೊಂಡಿದ್ದರು. ಅಂದಿನಿಂದ ಸೂಪರಿಂಟೆಂಡೆಂಟರು ಕಟ್ಟಪ್ಪಣೆ ಮಾಡಿದ್ದರು: ಯಾವ ಥಿಯೇಟರೇ ಆಗಲಿ, ಎಕ್ಸ್‌ಚೇಂಜಿನ ಫೋನು ಇಲ್ಲದಿದ್ದರೆ ಆಪರೇಷನ್ ಇಲ್ಲ.

ಅಂದರೆ ಅಕ್ಕನ ಜೀವ ಅವನ ಚಾರ್ಟಿನ ಒಂದು ಚೀಟಿಗೆ ಅಂಟಿಕೊಂಡಿತ್ತು.

ಗುರುವಾರ ಬೆಳಿಗ್ಗೆ ಎಂಟೂವರೆಗೆ ಅವನು ಸ್ಟೋರಿನ ಕಿಟಕಿಗೆ ತಲೆ ತೂರಿಸಿದ. ಒಳಗೆ ಸ್ಟೋರಿನ ಯಜಮಾನಿ ಕೂತಿದ್ದರು. ಸೊಂಟದಲ್ಲಿ ನಲವತ್ತು ಬೀಗದ ಕೈ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ಅವರನ್ನು ಎಲ್ಲರೂ ಬೀಗದಮ್ಮ ಎನ್ನುತ್ತಿದ್ದರು.

"ಆಸ್ಪತ್ರೆ ಸಾಮಾನು ಹೊರಟಿತಾ ಅಮ್ಮಾ?"

"ಅದು ಶನಿವಾರ ಅಲ್ವಾ?" ಎಂದರು ಬೀಗದಮ್ಮ, ತಲೆ ಎತ್ತದೆ.

"ಗುರುವಾರ ಅಂತ ಬರೆದಿದ್ನಲ್ಲಾ!"

"ಅದಕ್ಕೇ ಶನಿವಾರ ಅಂದೆ."

"ಇದು ನಿಜವಾದ ಗುರುವಾರ ಅಮ್ಮಾ!"

ಬೀಗದಮ್ಮ ಕನ್ನಡಕ ತೆಗೆದು ಅವನನ್ನು ಕನಿಕರದಿಂದ ನೋಡಿದರು. "ನಿಜವಾದ ಗುರುವಾರ ಅಂತ ಬೇರೆ ಇರುತ್ತಾ? ಮೊದಲೇ ಹೇಳ್ಬಾರ್ದಾ? ಬೀರು ಇಲ್ಲೇ ಇದೆ. ಬ್ಯಾಟರಿ ಇಲ್ಲ. ಇದ್ದ ಹನ್ನೆರಡೂ ಬೆಳಿಗ್ಗೆ ಏಳಕ್ಕೇ ನಲವತ್ತೇಳನೇ ಸೈಟಿಗೆ ಹೋದ್ವು. ಫೋರ್‌ಮನ್ನೂ ಅಲ್ಲಿಗೇ ಹೋದ, ವ್ಯಾನೂ ಅಲ್ಲೇ."

ಬೀರು ಎಂದರೆ ಎಕ್ಸ್‌ಚೇಂಜಿನ ಯಂತ್ರವೆಲ್ಲ ತುಂಬಿದ ಕಬ್ಬಿಣದ ಕಪಾಟು, ಆಳೆತ್ತರದ್ದು. ಬ್ಯಾಟರಿ ಇಲ್ಲದೆ, ಅದನ್ನು ಜೋಡಿಸುವ ಕೈಗಳಿಲ್ಲದೆ, ಅದು ಬರೀ ಬೀರುವೇ. ಕಂಪನಿಯಲ್ಲಿ ಇಂಥ ಕೆಲಸ ಬಲ್ಲ ತಂಡ ಇದ್ದದ್ದೇ ಒಂದು.

"ಬೀರು ಕೊಡಿ, ಬ್ಯಾಟರಿ ನಾನು ಹೇಗಾದ್ರೂ ಮಾಡ್ತೀನಿ" ಎಂದ.

"ಶನಿವಾರದ ಸಾಮಾನನ್ನ ಗುರುವಾರ ಕೊಟ್ರೆ ನನ್ನ ರಿಜಿಸ್ಟರು ಏನಾಗ್ಬೇಕು?" ಎಂದರು ಬೀಗದಮ್ಮ. ಆಮೇಲೆ ಸ್ವಲ್ಪ ಮೆತ್ತಗಾದರು. "ಮೂರು ವರ್ಷದಿಂದ ಕೇಳ್ತಾ ಇದೀನಿ, ಸ್ಟೋರು ಮುಚ್ಚಿ ಎಲ್ಲಾ ಸಾಮಾನು ಒಂದ್ಸಲ ಎಣಿಸ್ಬೇಕು ಅಂತ. ಮೂರು ವಾರ ಬೇಕು. ನೀನು ಚಾರ್ಟಲ್ಲಿ ಜಾಗ ಕೊಡ್ತಾನೇ ಇಲ್ಲ."

"ಕೊಟ್ಟೆ, ತಗೊಳ್ಳಿ. ಬರೋ ಸೋಮವಾರದಿಂದ ಮೂರು ವಾರ. ಒಂದು ಮೊಳೆ ಕೂಡ ಯಾರಿಗೂ ಕೊಡಬೇಡಿ."

ಬೀಗದಮ್ಮ ಖುಷಿಯಿಂದ ಬೀಗ ತೆಗೆದರು.

ಚಾರ್ಟಪ್ಪ ಮೇಲಕ್ಕೆ ಓಡಿ ನಲವತ್ತೇಳನೇ ಸೈಟಿನ ಕಡತ ಬಿಚ್ಚಿದ. ಕಾಲುವೆ ರಸ್ತೆ, ಎರಡಂತಸ್ತಿನ ಕಟ್ಟಡ. ಆರ್ಡರು ಯಾವುದೋ ಕಟ್ಟಡ ಕಂಟ್ರಾಕ್ಟರನ ಹೆಸರಿನಲ್ಲಿತ್ತು. ಸರ್ವೆ ಮಾಡಿದವನು ಪಕ್ಕದ ಮೇಜಿನಲ್ಲೇ ಕೂತು ಉಗುರು ಕತ್ತರಿಸುತ್ತಿದ್ದ. ಸೈಟಿನ ಒಳಗೆ ಕಾಲಿಡದೆ, ರಸ್ತೆಯ ಆಚೆ ನಿಂತು ಕಣ್ಣಳತೆಯಲ್ಲೇ ಇಡೀ ಕಟ್ಟಡವನ್ನು ಅಳೆಯುವುದರಲ್ಲಿ ಅವನು ನಿಸ್ಸೀಮ.

"ಈ ನಲವತ್ತೇಳು ಏನಯ್ಯಾ?"

"ಖಾಲಿ ಗೋದಾಮು ಸಾರ್. ಹಿಂದೆ ಬಿತ್ತನೆ ಬೀಜ ಇಡ್ತಿದ್ರು. ಈಗ ಇಲಿ ಬಿಟ್ರೆ ನರಪಿಳ್ಳೆ ಇಲ್ಲ."

"ಯಾವಾಗ ನೋಡಿದ್ದು?"

"ಈಚೆಗೇ ಸಾರ್. ಎಂಟು ತಿಂಗಳಾಗಿರಬಹುದು."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ಇಲಿಗಳಿಗೆ ಫೋನಿಗಾಗಿ ಇಷ್ಟು ಅವಸರ ಯಾಕೆ? ಚಾರ್ಟಪ್ಪ ಮ್ಯಾನೇಜರ ಕೋಣೆಗೆ ನುಗ್ಗಿದ. ಮ್ಯಾನೇಜರಿಗೆ ಆಸ್ಪತ್ರೆ ಎಂದರೆ ದೊಡ್ಡ ಗ್ರಾಹಕ, ಗೋದಾಮು ಎಂದರೆ ಕಾಲಕಸ. "ಎಬ್ಬಿಸ್ಕೊಂಡು ಬಾ ಅಲ್ಲಿಂದ. ಆದ್ರೆ ಚಾರ್ಟು ಈಗ್ಲೇ ತಿದ್ದಿ ಹೆಡ್ಡಾಫೀಸಿಗೆ ಕಳಿಸು. ಒಂದ್ಸಲ ಹೋದ ಚಾರ್ಟು ಮತ್ತೆ ಮುಟ್ಟೋ ಹಾಗಿಲ್ಲ, ಗೊತ್ತಲ್ಲ?" ಎಂದರು. ಗೊತ್ತಿತ್ತು. ಆ ನಿಯಮ ಮಾಡಿಸಿದವನೇ ಚಾರ್ಟಪ್ಪ. ಕಂಡಕಂಡವರೆಲ್ಲ ಬಂದು ತನ್ನ ಚಾರ್ಟಿಗೆ ಕೈ ಹಾಕಬಾರದೆಂದು ಎರಡು ವರ್ಷ ಹೋರಾಡಿ ಗೆದ್ದಿದ್ದ.

ಫೋರ್‌ಮನ್ನು ಫೋನಿನಲ್ಲಿ ಸಿಕ್ಕಿದ. ಮೂವತ್ತು ವರ್ಷದ ಅನುಭವಿ, ಅದಕ್ಕೆ ತಕ್ಕ ಸಿಡುಕು.

"ಬಿಟ್ಟು ಬಾ ಅಂದ್ರೆ ಹೆಂಗ್ರೀ ಬರೋದು? ಹಳೇ ಪೆಟ್ಟಿಗೆ ಬಿಚ್ಚಿ ಹಾಕಿದೀನಿ. ಗೋಡೆ ತುಂಬಾ ವೈರು ನೇತಾಡ್ತಾ ಇದೆ. ಇಲ್ಲಿನವರಿಗೆ ಸಂಜೆಗೆ ಫೋನ್ ಕೊಡ್ತೀನಿ ಅಂತ ಮಾತು ಕೊಟ್ಟಿದೀನಿ."

"ಯಾರಿಗೆ? ವಾಚ್‌ಮನ್ನಿಗಾ?"

"ಯಾರೋ ಮೇಲ್ವಿಚಾರಕರಂತೆ. ಲಾರಿಯಿಂದ ಏನೇನೋ ಇಳಿಸ್ತಾ ಇದಾರೆ."

"ಇಳಿಸ್ಲಿ ಬಿಡಪ್ಪ, ಗೋದಾಮು ಅಂದ್ಮೇಲೆ ಇಳಿಸ್ದೆ ಇರ್ತಾರಾ? ಅವರಿಗೆ ನಾನು ಹೇಳ್ತೀನಿ. ಇಲ್ಲಿ ಒಂದು ಜೀವದ ಪ್ರಶ್ನೆ ಇದೆ."

"ಯಾರ ಜೀವ?"

"ನಮ್ಮಕ್ಕಂದು" ಎಂದ.

ಫೋರ್‌ಮನ್ನು ಕಲ್ಲೆದೆಯವನೇನಲ್ಲ. ಆದರೆ ಮೂವತ್ತು ವರ್ಷದಲ್ಲಿ ಇಂಥ ಅಕ್ಕಂದಿರು, ಅಜ್ಜಿಯರು ಎಷ್ಟೋ ಜನ ಅವನ ಕಿವಿಗೆ ಬಿದ್ದುಹೋಗಿದ್ದರು. "ಬರ್ತೀನಿ. ಆದ್ರೆ ಎರಡು ಮಾತು. ನನ್ನ ಹುಡುಗರು ರಜೆ ಕಂಡು ಒಂದೂವರೆ ವರ್ಷ ಆಯ್ತು. ಬೀಗದಮ್ಮ ಎಣಿಕೆ ಮುಗಿಸಿ ಸ್ಟೋರು ತೆಗೆದ ದಿನದಿಂದ ಎಲ್ಲರಿಗೂ ಮೂರು ವಾರ ರಜೆ ಹಾಕಬೇಕು. ಸ್ಟೋರು ಮುಚ್ಚಿರೋವಾಗ ದೂರದ ರಿಪೇರಿ ಕೆಲಸಕ್ಕೆ ಹೋಗ್ತೀವಿ. ಇನ್ನೊಂದು, ಈ ಅರ್ಧ ಕೆಡವಿದ ಮನೆಗೆ ಅಲ್ಲಿವರೆಗೆ ನನ್ನನ್ನ ಕರೀಬಾರ್ದು. ಇಲ್ಲಿನವರ ಮುಖ ನೋಡೋಕೆ ನನಗಾಗಲ್ಲ."

ಸ್ಟೋರು ಮುಚ್ಚುವ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಈ ಕಂಪನಿಯಲ್ಲಿ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದದ್ದು ಸುದ್ದಿ ಒಂದೇ.

"ಆಯ್ತು, ಆಯ್ತು, ಹೊರಡು!" ಎಂದ ಚಾರ್ಟಪ್ಪ. ಗೋಡೆಯ ಬಳಿ ಹೋಗಿ ನಲವತ್ತೇಳನೇ ನಂಬರಿನ ಹಳದಿ ಚೀಟಿಯನ್ನು ಕಿತ್ತ. ಮೂರು ವಾರ ಬೀಗದಮ್ಮನ ಎಣಿಕೆ, ಮೂರು ವಾರ ಫೋರ್‌ಮನ್ನಿನ ರಜೆ, ಅದರಾಚೆ ಮೊದಲು ಸಿಕ್ಕ ಖಾಲಿ ಜಾಗದಲ್ಲಿ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದ. ಆರು ವಾರ. ಚಾರ್ಟು ಹೆಡ್ಡಾಫೀಸಿಗೆ ಹೋಯಿತು. ಕಾಲುವೆ ರಸ್ತೆಯ ಮೇಲ್ವಿಚಾರಕರಿಗೆ ಫೋನ್ ಮಾಡಬೇಕೆಂಬುದು ನೆನಪಿಗೆ ಬಂತು, ಆದರೆ ಕಡತದಲ್ಲಿ ನಂಬರು ಇರಲಿಲ್ಲ. ಕಡತ ಮುಚ್ಚಿಟ್ಟ.

ಹನ್ನೊಂದು ವರ್ಷದಲ್ಲಿ ಮೊದಲ ಸಲ ತನ್ನದೇ ಒಂದು ಸೈಟನ್ನು ನೋಡಲು ಅವನು ಹೊರಟ.

ಮಧ್ಯಾಹ್ನ ಒಂದು ಗಂಟೆಗೆ ವ್ಯಾನು ಕಾಲುವೆ ರಸ್ತೆಯ ಹನ್ನೆರಡು ಬ್ಯಾಟರಿಗಳನ್ನೂ ಸ್ಟೋರಿನ ಬೀರುವನ್ನೂ ಹೇರಿಕೊಂಡು ಆಸ್ಪತ್ರೆಯ ಹಿಂಬಾಗಿಲಿಗೆ ಬಂತು. ಎಕ್ಸ್‌ಚೇಂಜಿನ ಕೋಣೆ ನೆಲಮಾಳಿಗೆಯಲ್ಲಿ. ಸರ್ವೆಯವನು "ಅಗಲವಾದ ಮೆಟ್ಟಿಲು" ಎಂದು ಬರೆದಿದ್ದ. ಮೆಟ್ಟಿಲು ಅಗಲವಾಗಿಯೇ ಇತ್ತು, ಆದರೆ ಅದು ಪಕ್ಕದ ಕಟ್ಟಡದ್ದು. ಇಲ್ಲಿದ್ದದ್ದು ಒಬ್ಬರು ಇಳಿಯುವಾಗ ಇನ್ನೊಬ್ಬರು ಗೋಡೆಗೆ ಒರಗಬೇಕಾದ ಸುತ್ತು ಮೆಟ್ಟಿಲು. ಉಳಿದದ್ದು ಒಂದು ಲಿಫ್ಟು. ಅದರ ಮುಂದೆ ಸ್ಟೂಲು ಹಾಕಿಕೊಂಡು ಲಿಫ್ಟಿನವನು ಕೂತಿದ್ದ.

"ಈ ಲಿಫ್ಟಲ್ಲಿ ಸಾಮಾನು ಹಾಕೋ ಹಾಗಿಲ್ಲ. ಇದು ಶವಾಗಾರಕ್ಕೆ ಹೋಗೋ ಲಿಫ್ಟು. ಸ್ಟ್ರೆಚರ್ ಮೇಲೆ ಬಂದದ್ದು ಮಾತ್ರ ಒಳಗೆ ಹೋಗ್ಬೇಕು. ರೂಲ್ಸು."

"ಹಾಗಾದ್ರೆ ಸ್ಟ್ರೆಚರ್ ಕೊಡಪ್ಪಾ" ಎಂದ ಫೋರ್‌ಮನ್ನು.

ಬೀರುವನ್ನು ಸ್ಟ್ರೆಚರಿನ ಮೇಲೆ ಮಲಗಿಸಿದರು. ಕಾರಿಡಾರಿನಲ್ಲಿ ಧೂಳು ಉದುರಬಾರದೆಂದು ಆಯಾ ಬಂದು ಬಿಳಿ ಬಟ್ಟೆ ಹೊದಿಸಿ, ಅಂಚು ಸಿಕ್ಕಿಸಿಹೋದಳು. ಆರು ಜನ ತಳ್ಳುತ್ತ ಹೊರಟರೆ ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತು ದಾರಿ ಬಿಟ್ಟರು. ಒಬ್ಬ ಮುದುಕಿ ಸೆರಗು ಬಾಯಿಗೆ ಹಿಡಿದಳು. ಕೋಲೂರಿಕೊಂಡಿದ್ದ ಅಜ್ಜನೊಬ್ಬ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ:

"ಬಹಳ ವಯಸ್ಸಾಗಿತ್ತಾ?"

"ಇಲ್ಲಜ್ಜ, ಹೊಸದು. ವಾರಂಟಿ ಕೂಡ ಮುಗಿದಿಲ್ಲ" ಎಂದ ಫೋರ್‌ಮನ್ನು.

ಅಜ್ಜ ತಲೆಯಾಡಿಸಿದ. "ಈಗಿನ ಕಾಲವೇ ಹಾಗೆ" ಎಂದ.

ಲಿಫ್ಟಿನ ಬಾಗಿಲು ಮುಚ್ಚುವಷ್ಟರಲ್ಲಿ ಇನ್ನೊಂದು ಸ್ಟ್ರೆಚರ್ ಬಂತು. ಅದರ ಮೇಲೆ ಹೊದಿಸಿದ ಬಟ್ಟೆಯ ಕೆಳಗಿದ್ದದ್ದು ಬೀರುವಲ್ಲ. ಇಬ್ಬರಿಗೂ ಜಾಗವಿದೆ, ಎರಡು ಸಲ ಯಾಕೆ ಕರೆಂಟು ಸುಡಬೇಕು ಎಂದ ಲಿಫ್ಟಿನವನು. ಚಾರ್ಟಪ್ಪ ಎರಡರ ನಡುವೆ ಉಸಿರು ಬಿಗಿಹಿಡಿದು ನಿಂತ. ಬಟ್ಟೆಯ ಹೊರಗೆ ಒಂದು ಪಾದ ಕಾಣುತ್ತಿತ್ತು. ಹಿಮ್ಮಡಿ ಒಡೆದ, ಹೆಂಗಸಿನ ಪಾದ. ಹೊಲಿಗೆ ಯಂತ್ರ ತುಳಿಯುವ ಅಕ್ಕನ ಹಿಮ್ಮಡಿಯೂ ಹೀಗೆಯೇ ಒಡೆದಿರುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡ. ಹೇಗಾದರೂ ಇವತ್ತೇ ಮುಗಿಸಬೇಕು ಎಂದುಕೊಂಡ.

ನೆಲಮಾಳಿಗೆಯಲ್ಲಿ ಎಡಕ್ಕೆ ಶವಾಗಾರ, ಬಲಕ್ಕೆ ಎಕ್ಸ್‌ಚೇಂಜ್. ಅಲ್ಲೂ ಮೊಬೈಲಿಗೆ ಸಿಗ್ನಲ್ ಇಲ್ಲ. ಒಂದೇ ಒಂದು ಬಲ್ಬು, ಅದೂ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿತ್ತು. ಹಳೆಯ ಯಂತ್ರದಿಂದ ಇನ್ನೂರ ಹತ್ತು ಜೋಡಿ ವೈರು ಬಿಚ್ಚಿ ಹೊಸದಕ್ಕೆ ಹಾಕಬೇಕು, ಒಂದೊಂದಕ್ಕೂ ನಂಬರು ನೋಡಬೇಕು. ನಂಬರು ಬರೆದ ಚೀಟಿಗಳಲ್ಲಿ ಅರ್ಧವನ್ನು ಇಲಿ ತಿಂದಿತ್ತು.

"ಗೋದಾಮಲ್ಲಿ ಇಲ್ಲದ ಇಲಿ ಇಲ್ಲಿದೆ ನೋಡಿ" ಎಂದ ಫೋರ್‌ಮನ್ನು. ಆ ಮಾತು ಚಾರ್ಟಪ್ಪನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಟಾರ್ಚು ಹಿಡಿದು, ಹೊಟ್ಟೆಯ ಮೇಲೆ ಮಲಗಿ, ಅವನು ವೈರಿನ ಬಣ್ಣ ಓದುತ್ತಿದ್ದ. ಗೋಡೆಗೆ ಅಂಟಿಸಿದ ಚೀಟಿಯೊಳಗೆ ಇಷ್ಟೆಲ್ಲ ಇರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಮೊಣಕೈ ತರಚಿತು. ಅಂಗಿಯ ಬೆನ್ನು ಹರಿಯಿತು. ಬ್ಯಾಟರಿ ಎತ್ತುವಾಗ ಕಾಲ ಮೇಲೆ ಬಿದ್ದು ಹೆಬ್ಬೆರಳಿನ ಉಗುರು ಕಪ್ಪಾಯಿತು. "ಅಪ್ಪಾ" ಎಂದು ಕೂಗಿದರೆ ಶವಾಗಾರದ ಕಾವಲಿನವನು ಬಂದು "ಇಲ್ಲಿ ಗಲಾಟೆ ಮಾಡ್ಬೇಡಿ" ಎಂದು ಗದರಿಸಿದ. ಯಾರಿಗೆ ತೊಂದರೆಯಾಗುತ್ತದೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ನಡುವೆ ಒಮ್ಮೆ, ಮೇಲೆ ಹೋಗಿ ಅಕ್ಕನನ್ನು ನೋಡಿಬರಲೇ ಎಂದುಕೊಂಡ. ಹರಿದ ಅಂಗಿ, ಮಸಿ ಮೆತ್ತಿದ ಮುಖ ನೋಡಿದರೆ ಅವಳು ಸೂಜಿ ದಾರ ಕೇಳುತ್ತಾಳೆ ಎನಿಸಿತು. ಕೆಲಸ ಮುಗಿಸಿಯೇ ಹೋಗೋಣ, "ಅಕ್ಕಾ, ನಾಳೆ ನಿನ್ನ ಆಪರೇಷನ್ನಿಗೆ ಫೋನು ನಾನೇ ಹಾಕಿದ್ದು" ಎಂದು ಹೇಳೋಣ. ಹುಟ್ಟಿದಾಗಿನಿಂದ ಅವಳಿಗೆ ಅವನು ಕೊಟ್ಟದ್ದು ಏನೂ ಇರಲಿಲ್ಲ. ಇದೊಂದನ್ನಾದರೂ ಕೊಡಬಹುದು ಎಂದು ನೆನೆದು, ಆ ಇಲಿಯ ಹಿಕ್ಕೆಗಳ ನಡುವೆ ಅವನ ಕಣ್ಣು ತುಂಬಿ ಬಂತು.

ಐದೂ ಮುಕ್ಕಾಲಿಗೆ ಫೋರ್‌ಮನ್ನು ಸ್ವಿಚ್ಚು ಒತ್ತಿದ. ಬೀರುವಿನ ಹೊಟ್ಟೆಯಲ್ಲಿ ಹಸಿರು ದೀಪಗಳು ಸಾಲಾಗಿ ಹೊತ್ತಿದವು. ತಂಡದವರು ಚಪ್ಪಾಳೆ ತಟ್ಟಿದರು. ಕಾವಲಿನವನು ಮತ್ತೆ ಬಂದು ಗದರಿಸಿಹೋದ.

"ಮೊದಲನೇ ಫೋನು ನೀವೇ ಮಾಡಿ" ಎಂದ ಫೋರ್‌ಮನ್ನು, ಎಂದಿಲ್ಲದ ಮರ್ಯಾದೆಯಿಂದ.

ಚಾರ್ಟಪ್ಪ ಕೈ ಒರೆಸಿಕೊಂಡು ಆಪರೇಷನ್ ಥಿಯೇಟರಿನ ನಂಬರು ಒತ್ತಿದ. ಅತ್ತ ಗಂಟೆ ಬಡಿಯಿತು. ಒಂದು, ಎರಡು, ಮೂರು. ಯಾರೋ ಎತ್ತಿದರು. ಬಾಯಿಗೆ ಬಟ್ಟೆ ಕಟ್ಟಿಕೊಂಡವರ ದನಿ.

"ಹಲೋ, ಥಿಯೇಟರಾ? ಸ್ಪಷ್ಟವಾಗಿ ಕೇಳ್ತಿದೆಯಾ?"

"ಕೇಳ್ತಿದೆ. ಆದ್ರೆ ಇಲ್ಲಿ ಯಾರೂ ಇಲ್ಲ ಸಾರ್. ನಾನು ಔಷಧಿ ಹೊಡೆಯೋನು."

"ಎಂಥಾ ಔಷಧಿ?"

"ಹೊಗೆ ಔಷಧಿ. ಮೂಲೆ ಮೂಲೆಗೂ ಹೊಡೆದು ಬಾಗಿಲಿಗೆ ಸೀಲು ಹಾಕ್ಬೇಕು. ನಾಲ್ಕು ದಿನ ಯಾರೂ ಒಳಗೆ ಬರೋ ಹಾಗಿಲ್ಲ. ನಾನೂ ಇನ್ನು ಹೆಚ್ಚು ಹೊತ್ತು ಮಾತಾಡೋ ಹಾಗಿಲ್ಲ, ತಲೆ ತಿರುಗುತ್ತೆ."

ಫೋನು ಕಟ್ಟಾಯಿತು. ಚಾರ್ಟಪ್ಪ ಸುತ್ತು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಮೇಲೆ ಬರುತ್ತಿದ್ದಂತೆ ಜೇಬಿನ ಮೊಬೈಲಿಗೆ ಜೀವ ಬಂದು, ಹದಿಮೂರು ಸಲ ಭಾವ ಕರೆ ಮಾಡಿದ್ದು ಒಂದೇ ಉಸಿರಿಗೆ ಹೇಳಿತು. ಅಕ್ಕನ ವಾರ್ಡಿನ ಬಾಗಿಲು ತಳ್ಳಿದ. ಒಂಬತ್ತು ಮಂಚ, ಒಂಬತ್ತೂ ಖಾಲಿ. ಹಾಸಿಗೆಗಳನ್ನು ಸುತ್ತಿ ಇಟ್ಟಿದ್ದರು. ಲಿಫ್ಟಿನಲ್ಲಿ ಕಂಡ ಪಾದ ಕಣ್ಣ ಮುಂದೆ ಬಂತು.

"ಇಲ್ಲಿದ್ದ ನಮ್ಮಕ್ಕ ಎಲ್ಲಿ?" ಎಂದು ಕಿರುಚಿದ.

ಮೇಜಿನ ಹಿಂದೆ ರಿಜಿಸ್ಟರು ಬರೆಯುತ್ತಿದ್ದ ಹೆಡ್ ಸಿಸ್ಟರು ತಲೆ ಎತ್ತಿದರು. "ಗಾಬರಿಯಾಗ್ಬೇಡಿ. ನಾಳೆ ಆಪರೇಷನ್ ಇರೋ ಒಂಬತ್ತು ಜನರನ್ನೂ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಹೊಸ ಬ್ಲಾಕಿಗೆ ಕಳಿಸಿದೀವಿ. ಇಲ್ಲಿನ ಥಿಯೇಟರಲ್ಲಿ ಫೋನ್ ಆಗೋ ಹಾಗಿರ್ಲಿಲ್ಲ."

"ಆಗಿದೆಯಲ್ಲಾ! ಈಗ ತಾನೇ ಆಯ್ತು! ಗುರುವಾರ ಅಂತ ಹೇಳಿದ್ವಲ್ಲಾ!"

"ನೀವು ಹೇಳಿದ ದಿನಕ್ಕೆ ಯಾವತ್ತು ಬಂದಿದೀರಿ ಹೇಳಿ? ಅದಕ್ಕೇ ಬೆಳಿಗ್ಗೆ ಎಂಟು ಗಂಟೆಗೆ ನಿಮ್ಮ ಸ್ಟೋರಿಗೇ ಫೋನ್ ಮಾಡಿ ಕೇಳಿದೆ. ಒಬ್ಬ ಹೆಂಗಸು, 'ಗುರುವಾರ ಅಂದ್ರೆ ಶನಿವಾರ' ಅಂದ್ರು. ಸೂಪರಿಂಟೆಂಡೆಂಟ್ ಸಾಹೇಬ್ರು ತಕ್ಷಣ ಲಾರಿ ತರಿಸಿ ಸಾಮಾನೆಲ್ಲ ಸಾಗಿಸಿದ್ರು. ನೀವು ಕೆಳಗಿದೀರಿ ಅಂತ ನನಗೆ ಗೊತ್ತಾಗಿದ್ದೇ ನಾಲ್ಕು ಗಂಟೆಗೆ. ಅಷ್ಟು ಹೊತ್ತಿಗೆ ಔಷಧಿ ಹೊಡೆಯೋಕೆ ಶುರು ಮಾಡಿಬಿಟ್ಟಿದ್ರು."

ಚಾರ್ಟಪ್ಪ ಗೋಡೆಗೆ ಒರಗಿ ಉಸಿರುಬಿಟ್ಟ. ಹೋಗಲಿ, ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದಂತಾಯಿತು, ಅಷ್ಟೇ. ಅಕ್ಕ ಬದುಕಿದ್ದಾಳೆ. ನಾಳೆ ಆಪರೇಷನ್ ಆಗುತ್ತದೆ, ಇಲ್ಲಾದರೇನು, ಅಲ್ಲಾದರೇನು. "ಹೊಸ ಬ್ಲಾಕಲ್ಲಿ ಫೋನ್ ಇದೆಯಾ ಸಿಸ್ಟರ್?" ಎಂದ.

"ಅದೂ ನಿಮ್ಮ ಕಂಪನಿಯವರೇ ಹಾಕ್ತಾ ಇದಾರಲ್ಲ! ಬೆಳಿಗ್ಗೆ ಏಳೂವರೆಗೇ ಬಂದು ಕೂತಿದ್ರಂತೆ, ಬಹಳ ಚುರುಕು ಜನ ಅಂತ ಮೇಲ್ವಿಚಾರಕರು ಹೊಗಳಿದ್ರು. ಸಂಜೆಗೆ ಫೋನ್ ಕೊಡ್ತೀವಿ ಅಂದಿದಾರೆ."

"ಎಲ್ಲಿದೆ ಸಿಸ್ಟರ್ ಹೊಸ ಬ್ಲಾಕು?"

"ಕಾಲುವೆ ರಸ್ತೆ. ಮೊದಲು ಬೀಜದ ಗೋದಾಮಿತ್ತಲ್ಲ, ಅದೇ."

ಸಿಸ್ಟರು ನೀರು ಕೊಟ್ಟರು. ಚಾರ್ಟಪ್ಪ ಅದನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದ, ಆಮೇಲೆ ಲೋಟ ಹಿಂದಿರುಗಿಸಲು ಮತ್ತೆ ಒಳಗೆ ಹೋದ.

ಫೋರ್‌ಮನ್ನು ವ್ಯಾನಿನ ಪಕ್ಕ ನಿಂತು ಕೈ ತೊಳೆಯುತ್ತಿದ್ದ. ವಿಷಯ ಕೇಳಿ ಅವನ ಕೈಯಿಂದ ಸೋಪು ಜಾರಿತು. "ಹಾಕೋಣ ಅಂದ್ರೂ ಏನು ಹಾಕೋದು ಸಾರ್? ಅಲ್ಲಿನ ಬ್ಯಾಟರಿ ಹನ್ನೆರಡೂ ಇಲ್ಲಿ ಕೂತಿವೆ. ಕಿತ್ರೆ ಇಡೀ ಆಸ್ಪತ್ರೆ ಮೂಕ ಆಗುತ್ತೆ" ಎಂದ. ಬೀಗದಮ್ಮನಿಗೆ ಫೋನ್ ಮಾಡಿದರೆ, ಹೊಸ ಬ್ಯಾಟರಿ ಬರುವುದು ಎಣಿಕೆ ಮುಗಿದ ಮೇಲೆಯೇ ಎಂದರು. ಮ್ಯಾನೇಜರಿಗೆ ಮಾಡಿದರೆ, ಮಾತು ಶುರುವಾಗುವ ಮೊದಲೇ ಅವರು ಉಬ್ಬಿಹೋಗಿದ್ದರು. "ಭೇಷ್! ಹೇಳಿದ ದಿನಕ್ಕೆ ಮುಗಿಸಿದ್ದು ಇದೇ ಮೊದಲು! ಹೆಡ್ಡಾಫೀಸಿನವರು ನಿನ್ನ ಚಾರ್ಟಿಗೆ ಸಹಿ ಕೂಡ ಹಾಕಿಬಿಟ್ಟಿದಾರೆ. ಇನ್ನು ಬ್ರಹ್ಮ ಬಂದ್ರೂ ತಿದ್ದೋಕಾಗಲ್ಲ" ಎಂದರು.

ಕಾಲುವೆ ರಸ್ತೆಯ ಕಟ್ಟಡದಲ್ಲಿ ಹೊಸ ಸುಣ್ಣದ ವಾಸನೆಯೂ ಹಳೆಯ ಬೀಜದ ವಾಸನೆಯೂ ಬೆರೆತಿತ್ತು. ಗೋಡೆಯಿಂದ ವೈರುಗಳು ಕೂದಲು ಕೆದರಿದ ಹಾಗೆ ನೇತಾಡುತ್ತಿದ್ದವು. ಅವುಗಳ ಕೆಳಗೇ ಸಾಲಾಗಿ ಒಂಬತ್ತು ಮಂಚ. ಮೂರನೆಯದರಲ್ಲಿ ಅಕ್ಕ ಮಲಗಿದ್ದಳು. ಬೆಳಿಗ್ಗೆಯಿಂದ ಉಪವಾಸ ಕೆಡವಿದ್ದರಿಂದ ಮುಖ ಇಳಿದುಹೋಗಿತ್ತು.

"ಬಂದ ನೋಡಿ ನಮ್ಮ ಬಾಮೈದ!" ಎಂದು ಭಾವ ಎದ್ದು ನಿಂತ. ಒಂಬತ್ತು ಮಂಚಗಳಿಗೂ ಕೇಳುವಷ್ಟು ಜೋರಾಗಿ ಹೇಳಿದ: "ಇವನು ಆ ಫೋನಿನ ಕಂಪನಿಯಲ್ಲೇ ಇರೋದು. ಯಾವ ಕೆಲಸ ಯಾವತ್ತು ಅಂತ ಬರೆಯೋನೇ ಇವನು. ಇನ್ನು ಯಾರೂ ಚಿಂತೆ ಮಾಡ್ಬೇಡಿ!" ಆಮೇಲೆ ದನಿ ತಗ್ಗಿಸಿ ಇವನಿಗೆ ಹೇಳಿದ. "ಡಾಕ್ಟರು ಬಂದು ವೈರು ನೋಡಿ ನಾಳೇದೆಲ್ಲ ರದ್ದು ಅಂದ್ರು ಕಣೋ. ಇಲ್ಲಿ ಫೋನ್ ಆದ ಮಾರನೇ ದಿನವೇ ಮಾಡ್ತಾರಂತೆ. ಹಳೇ ಥಿಯೇಟರು ಸೋಮವಾರದಿಂದ ಬೇರೆ ವಿಭಾಗಕ್ಕೆ ಹೋಗಿಬಿಡ್ತು, ಅಲ್ಲಿ ಎರಡು ತಿಂಗಳು ಸಾಲು. ಬೇರೆ ಆಸ್ಪತ್ರೆಗೆ ಹೋದ್ರೆ ಟೆಸ್ಟೆಲ್ಲ ಮೊದಲಿಂದ. ನಿನಗೆ ಫೋನ್ ಮಾಡಿ ಮಾಡಿ ಸಾಕಾಯ್ತು. ಹೇಳು, ಯಾವತ್ತು ಆಗುತ್ತೆ ಇದು?"

ಒಂಬತ್ತು ದಿಂಬುಗಳಿಂದ ಒಂಬತ್ತು ತಲೆ ಅವನ ಕಡೆ ತಿರುಗಿದವು. ಮೂಲೆಯ ಮುದುಕಪ್ಪ ಕಿವಿಗೆ ಕೈ ಹಚ್ಚಿಕೊಂಡ. ಎರಡು ದಿನ ಎಂದು ಹೇಳಿಬಿಡಬೇಕೆಂದು ಚಾರ್ಟಪ್ಪನ ನಾಲಿಗೆ ತುದಿಗೆ ಬಂತು. ಅಕ್ಕ ನೋಡುತ್ತಿದ್ದಳು.

"ಆರು ವಾರ" ಎಂದ.

ಭಾವ ಮೆಲ್ಲಗೆ ಸ್ಟೂಲಿನ ಮೇಲೆ ಕೂತ. ಅಕ್ಕ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಛಾವಣಿ ನೋಡಿದಳು. ಆಮೇಲೆ ತಮ್ಮನ ಹರಿದ ಅಂಗಿ, ತರಚಿದ ಮೊಣಕೈ ಅವಳ ಕಣ್ಣಿಗೆ ಬಿದ್ದವು.

"ಇದೇನೋ ನಿನ್ನ ಅವಸ್ಥೆ? ಬೆಳಿಗ್ಗೆಯಿಂದ ನನ್ನ ಸಲುವಾಗಿ ಓಡಾಡ್ತಾ ಇದೀಯೇನೋ" ಎಂದು ಅವನ ಕೈ ಹಿಡಿದಳು. "ನಿನ್ನ ತಪ್ಪೇನಿದೆ ಬಿಡು. ಇಲ್ಲಿ ಬೆಳಿಗ್ಗೆ ಕೆಲಸ ಚೆನ್ನಾಗೇ ನಡೀತಿತ್ತಂತೆ. ನಿಮ್ಮ ಆಫೀಸಿನವನೇ ಯಾರೋ ಫೋನ್ ಮಾಡಿ ಕೆಲಸದವರನ್ನ ಅರ್ಧಕ್ಕೆ ಎಬ್ಬಿಸಿಕೊಂಡು ಹೋದನಂತೆ. ಯಾರೋ ಅವನು? ನಿನಗೆ ಗೊತ್ತಾ?"

ಚಾರ್ಟಪ್ಪ ನೆಲ ನೋಡಿದ.

"ಯಾರಾದ್ರೂ ಆಗಿರ್ಲಿ" ಎಂದಳು ಅಕ್ಕ. ಜೀವನದಲ್ಲಿ ಯಾರಿಗೂ ಶಾಪ ಹಾಕಿದವಳಲ್ಲ. "ಅವನಿಗೂ ಒಬ್ಬಳು ಅಕ್ಕ ಇರ್ತಾಳೆ. ಅವಳನ್ನ ತಂದು ಹೀಗೆ ಮಲಗಿಸ್ಬೇಕು. ಆಗ ಗೊತ್ತಾಗುತ್ತೆ ಅವನಿಗೆ."

"ಗೊತ್ತಾಗುತ್ತೆ ಅಕ್ಕಾ" ಎಂದ ಚಾರ್ಟಪ್ಪ.